ಕಂಠೀರವ ಕ್ರೀಡಾಂಗಣ: ಹೊಸ ಟ್ರ್ಯಾಕ್ ಹಾಕಿದರೆ ಸಾಲದು

ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಆಮೇಲೆ ಊರಿಗೆ ಈ ಕೆರೆಯ ಹಂಗು ಕಡಿಮೆಯಾಯಿತು. ಕೆರೆ ಒಣಗಿ ಬಯಲಾಯಿತು, ಬಯಲು ಮೈದಾನವಾಯಿತು. ಇವತ್ತು ಉಳಿದಿರುವುದು ಒಂದು ಪುಟ್ಟ ಕೊಳ ಮಾತ್ರ. ಅದೂ ಉಳಿದದ್ದು ಕರಗದ ಆಚರಣೆ ಇಲ್ಲಿ ನಡೆಯಲೇಬೇಕು ಅನ್ನೋ ಕಾರಣಕ್ಕೆ.

1997ರ ರಾಷ್ಟ್ರೀಯ ಕ್ರೀಡಾಕೂಟ ಇಲ್ಲೇ ನಡೆಯಿತು. ಆಗ ಇದು ಓಟಗಾರರ ಮನೆ. ಆದರೆ ನಗರದ ನಡುಮಧ್ಯೆ ಇಷ್ಟು ದೊಡ್ಡ ಜಾಗ ಇದ್ದರೆ ಎಲ್ಲರ ಕಣ್ಣೂ ಬೀಳುತ್ತದೆ ಅಲ್ವಾ? 2013ರಲ್ಲಿ, ಮತ್ತೆ 2023ರಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡದ್ದು ಇಲ್ಲಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ಜನಸಾಗರ ಹರಿದು ಬಂದದ್ದೂ ಇಲ್ಲಿಗೇ. 2014ರಿಂದ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡಕ್ಕೆ ಇದೇ ತವರು ಮೈದಾನ. 2016ರಲ್ಲಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿದ ರಾತ್ರಿಯನ್ನು ಇಲ್ಲಿನ ಫುಟ್‌ಬಾಲ್ ಅಭಿಮಾನಿಗಳು ಮರೆಯಲಾರರು.

ಫುಟ್‌ಬಾಲ್ ಬಂದ ಮೇಲೆ ಜಗಳವೂ ಶುರುವಾಯಿತು. ಪಂದ್ಯದ ದಿನ ಅಥ್ಲೀಟ್‌ಗಳು ಎಲ್ಲಿಗೆ ಹೋಗಬೇಕು? ಹುಲ್ಲಿನ ಮೇಲೆ ಜಾವೆಲಿನ್, ಹ್ಯಾಮರ್ ಬಿದ್ದರೆ ಗುಂಡಿಯಾಗುತ್ತದೆ. ಹಾಗಾಗಿ ಎಸೆತದವರಿಗೂ ಫುಟ್‌ಬಾಲ್‌ನವರಿಗೂ ಒಂದೇ ಮೈದಾನ ಹೊಂದುವುದಿಲ್ಲ. ಇಬ್ಬರದ್ದೂ ನ್ಯಾಯವಾದ ಬೇಡಿಕೆ, ಜಾಗ ಮಾತ್ರ ಒಂದೇ.

ಈ ನಡುವೆ ಟ್ರ್ಯಾಕ್ ಸವೆಯುತ್ತಾ ಬಂತು. ಸಿಂಥೆಟಿಕ್ ಟ್ರ್ಯಾಕ್ ಅಂದರೆ ಗಟ್ಟಿ ತಳದ ಮೇಲೆ ಸುಮಾರು 13 ಮಿಲಿಮೀಟರ್ ದಪ್ಪದ ರಬ್ಬರಿನಂಥ ಪದರ, ಅಷ್ಟೇ. ಮೊದಲು ಸವೆಯುವುದು ಒಳಗಿನ ಲೇನ್‌ಗಳು, ಯಾಕೆಂದರೆ ಎಲ್ಲರೂ ಓಡುವುದು ಅಲ್ಲೇ. ಮೇಲಿನ ಹರಳು ಉದುರಿ ನುಣ್ಣಗಾದರೆ ಬೂಟಿನಡಿಯ ಮೊಳೆ, ಅಂದರೆ ಸ್ಪೈಕ್, ಹಿಡಿಯುವುದಿಲ್ಲ. ಪದರ ಗಟ್ಟಿಯಾದರೆ ಪ್ರತಿ ಹೆಜ್ಜೆಯ ಪೆಟ್ಟೂ ಮೊಣಕಾಲಿಗೆ, ಮುಂಗಾಲಿನ ಮೂಳೆಗೆ ಬೀಳುತ್ತದೆ. ಇದರ ನೋವು ತಿನ್ನುವವರು ದಿನಾ ಬೆಳಗ್ಗೆ ಬಸ್ ಹಿಡಿದು ಬರುವ ಹುಡುಗ ಹುಡುಗಿಯರು. ಎಷ್ಟೋ ದೂರುಗಳಾದ ಮೇಲೆ, ಕೋವಿಡ್ ಕಾಲದ ಆಸುಪಾಸಿನಲ್ಲಿ ಹಳೆಯದನ್ನು ಕಿತ್ತು ಹೊಸ ಟ್ರ್ಯಾಕ್ ಹಾಕಿದರು.

ಅದರ ಫಲ ಕಣ್ಣಿಗೆ ಕಂಡಿತು. 2025ರ ಜುಲೈ 5ರಂದು ನೀರಜ್ ಚೋಪ್ರಾ ಕ್ಲಾಸಿಕ್ ಅನ್ನೋ ಜಾವೆಲಿನ್ ಕೂಟ ಇಲ್ಲಿ ನಡೆಯಿತು. ಮೊದಲು ನಿಗದಿಯಾಗಿದ್ದ ಹರಿಯಾಣದ ಪಂಚಕುಲದಲ್ಲಿ ಬೆಳಕಿನ ವ್ಯವಸ್ಥೆ ಸಾಲದೆ ಕೂಟ ಬೆಂಗಳೂರಿಗೆ ಬಂತು. ನೀರಜ್ 86.18 ಮೀಟರ್ ಎಸೆದು ಗೆದ್ದರು.

ಆದರೆ ಇಂಥ ಟ್ರ್ಯಾಕಿನ ಆಯುಸ್ಸು ಎಂಟು ಹತ್ತು ವರ್ಷ. ಈ ದಶಕ ಮುಗಿಯುವ ಹೊತ್ತಿಗೆ ಮತ್ತೆ ಅದೇ ಮಾತು ಬರುತ್ತದೆ. ಟೆಂಡರ್ ಕರೆಯುವ ಮೊದಲು ಒಂದು ವಿಷಯ ಇತ್ಯರ್ಥವಾಗಲಿ: ವರ್ಷದಲ್ಲಿ ಎಷ್ಟು ದಿನ ಅಭ್ಯಾಸಕ್ಕೆ, ಎಷ್ಟು ದಿನ ಪಂದ್ಯಕ್ಕೆ, ಎಷ್ಟು ದಿನ ಸಮಾರಂಭಕ್ಕೆ? ಆ ಪಟ್ಟಿ ಗೇಟಿನ ಬಳಿ ಎಲ್ಲರಿಗೂ ಕಾಣುವಂತೆ ಇರಲಿ. ಪೆಂಡಾಲ್ ಹಾಕುವವರು ಟ್ರ್ಯಾಕ್ ದಾಟಬೇಕಾದರೆ ಮ್ಯಾಟ್ ಹಾಸಿಯೇ ದಾಟಬೇಕು, ಹಾಳಾದರೆ ರಿಪೇರಿ ಖರ್ಚು ಅವರದ್ದೇ ಅಂತ ಬಾಡಿಗೆ ಕರಾರಿನಲ್ಲೇ ಬರೆಯಲಿ.