ಕಡೂರಿನ ಬಸ್ಸು, ಬ್ರಹ್ಮಪುತ್ರದ ರೈಲು

ಕಡೂರಿನಿಂದ ಮೂಡಿಗೆರೆಗೆ ಸುಮಾರು 70 ಕಿಲೋಮೀಟರ್. ಜಿಲ್ಲೆ ಒಂದೇ, ಆಕಾಶ ಮಾತ್ರ ಬೇರೆ. ಮೂಡಿಗೆರೆಯಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟುವ ಮಳೆ. ಬೆಟ್ಟದ ಮರೆಯಲ್ಲಿರುವ ಕಡೂರಿಗೆ 600ರ ಆಸುಪಾಸು. ಹಾಗಾಗಿ ರಾಗಿ ಕೈಕೊಟ್ಟ ವರ್ಷ ಕಡೂರು, ಅರಸೀಕೆರೆ ಕಡೆಯವರು ಕಾಫಿ ಕೊಯ್ಲಿಗೆ ಮಲೆನಾಡಿನ ಬಸ್ಸು ಹತ್ತುವುದು ಹಳೇ ರೂಢಿ. ಇದನ್ನು ಗುಳೆ ಅಂತ ಮರುಗುವವರೇ ಜಾಸ್ತಿ. ನನಗೇನೋ ಇದೂ ಒಂಥರಾ ಬೆಳೆವಿಮೆ ಅನ್ನಿಸುತ್ತದೆ.

ಆದರೆ ಈಗ ಮಲೆನಾಡಿನ ಮಳೆಯೇ ಲೆಕ್ಕ ತಪ್ಪುತ್ತಿದೆ. ಕಾಫಿ ಮೊಗ್ಗು ಬೇಸಗೆಯಲ್ಲಿ ನಿದ್ದೆ ಹೋಗಿರುತ್ತದೆ. ರೊಬಸ್ಟಾ ಜಾತಿಯ ಕಾಫಿಗೆ ಫೆಬ್ರವರಿ-ಮಾರ್ಚಿನಲ್ಲಿ, ಅರೇಬಿಕಾ ಜಾತಿಗೆ ಮಾರ್ಚ್-ಏಪ್ರಿಲ್‌ನಲ್ಲಿ ಸುಮಾರು ಒಂದು ಇಂಚು ಮಳೆ ಬಿದ್ದರೆ ಎಚ್ಚರವಾಗುತ್ತದೆ. ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಇದೇ ಹೂಮಳೆ. ಸುಮ್ನೆ ನಾಲ್ಕು ಹನಿ ಉದುರಿಸಿ ಹೋದರೆ ಮೊಗ್ಗು ಅರ್ಧ ಬಿರಿದು ಕರಟುತ್ತದೆ. ಹೂ ಕಂತು ಕಂತಾಗಿ ಬಂದರೆ ಹಣ್ಣೂ ಹಾಗೆಯೇ. ಒಂದೇ ಗಿಡವನ್ನು ಮತ್ತೆ ಮತ್ತೆ ಕೊಯ್ಯಬೇಕು. ಕೊಯ್ಲು ಯಾವಾಗ ಅಂತ ಗೊತ್ತಿಲ್ಲದಿದ್ದರೆ ಕಡೂರಿನವರು ಯಾವ ದಿನ ಬಸ್ಸು ಹತ್ತಬೇಕು?

ಗಾಳಿ 1 ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ದೊಡ್ಡ ಗಡಿಗೆ ಇದ್ದ ಹಾಗೆ. ತುಂಬಲು ಹೊತ್ತು ಬೇಕು, ಮಗುಚಿದರೆ ಮಾತ್ರ ಒಂದೇ ಸಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದು ಜನ ಮನೆ ಕಳೆದುಕೊಂಡರು. 2021ರ ನವೆಂಬರಿನಲ್ಲಿ ಕೊಯ್ಲಿನ ಹೊತ್ತಿಗೇ ಮಳೆ ಹೊಡೆಯಿತು. ಹಣ್ಣು ಗಿಡದಲ್ಲೇ ಒಡೆಯಿತು, ಕಣದಲ್ಲಿ ಹರಡಿದ್ದಕ್ಕೆ ಬೂಷ್ಟು. ಪ್ರತಿ ಮಳೆಯನ್ನೂ ಭೂಮಿಯ ಬಿಸಿಯ ತಲೆಗೆ ಕಟ್ಟಲಾಗದು, ನಿಜ. ಗುಡ್ಡ ಜರಿಯುವುದರಲ್ಲಿ ಗುಡ್ಡ ಅಗೆದವರ ಪಾಲೂ ಇರುತ್ತದೆ.

ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನ ಮಾತೂ ಕೇಳುತ್ತದೆ. 1950ರಿಂದೀಚೆಗೆ ಬ್ರಹ್ಮಪುತ್ರ ಮತ್ತು ಅದರ ಉಪನದಿಗಳು ಅಲ್ಲಿ 4 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಕೊರೆದು ನುಂಗಿವೆ. ಆದರೂ ಹವಾಮಾನ ಕೆಟ್ಟಿದ್ದಕ್ಕೆ ಬಂದೆ ಅಂತ ಯಾರು ಹೇಳುತ್ತಾರೆ? ಸಾಲ ಅನ್ನುತ್ತಾರೆ, ಕೂಲಿ ಅನ್ನುತ್ತಾರೆ. ಆ ಸಾಲದ ಹಿಂದೆ ಹೊಳೆ ಇರಬಹುದು, ಇಲ್ಲದೆಯೂ ಇರಬಹುದು. 2050ರ ಹೊತ್ತಿಗೆ 21.6 ಕೋಟಿ ಜನ ಹವಾಮಾನ ಕೆಟ್ಟು ತಮ್ಮ ದೇಶದೊಳಗೇ ಜಾಗ ಬದಲಿಸಬೇಕಾಗಬಹುದು ಎಂದು ವಿಶ್ವಬ್ಯಾಂಕಿನ 2021ರ ವರದಿ ಅಂದಾಜು ಮಾಡಿದೆ.

ಬೆಳೆಗಾರರೂ ಕೈಕಟ್ಟಿ ಕೂತಿಲ್ಲ. ಬಿಸಿಲು ಏರಿದಷ್ಟೂ ಬಿಳಿ ಕಾಂಡಕೊರಕ ಹುಳಕ್ಕೆ ಹಬ್ಬ. ಅದು ತಿನ್ನುವುದು ಅರೇಬಿಕಾವನ್ನು. ಹಾಗಾಗಿ ಅದನ್ನು ಕಿತ್ತು ರೊಬಸ್ಟಾ ಹಾಕುತ್ತಾರೆ. ರೊಬಸ್ಟಾಗೆ ಹೂವಿನ ಕಾಲಕ್ಕೆ ನೀರು ಬೇಕೇ ಬೇಕು. ಅದಕ್ಕೆ ಕೆರೆ ತೋಡಬೇಕು, ಮೋಟರ್, ಪೈಪು, ಸ್ಪ್ರಿಂಕ್ಲರ್ ಬೇಕು. ಅಲ್ಲಿಗೆ ಮಾತು ದುಡ್ಡಿಗೆ ಬಂತು, ಅಲ್ವಾ? ಮಾರ್ಚಿನಲ್ಲಿ ತೋಟದ ದಾರಿಯಲ್ಲಿ ಹೋದರೆ ಕಾಣುತ್ತದೆ: ಬೇಲಿಯ ಈಚೆ ಹೂ ಬಿಟ್ಟು ಘಮಘಮ, ಆಚೆಯವರು ಇನ್ನೂ ಮೋಡ ನೋಡುತ್ತಿರುತ್ತಾರೆ.