ಮುಗಿಯದ ಒತ್ತಡ ಮತ್ತು ಹದಿಹರೆಯದ ಮೈ

ಮಳೆಗಾಲದ ಒಂದು ಮುಂಜಾನೆ ಹೊಸನಗರ ತಾಲ್ಲೂಕಿನ ಒಂಟಿ ಮನೆಯೊಂದರಿಂದ ಹುಡುಗಿಯೊಬ್ಬಳು ಪಿಯುಸಿ ತರಗತಿಗೆ ಹೊರಟಿದ್ದಾಳೆ ಎಂದಿಟ್ಟುಕೊಳ್ಳೋಣ. ತೋಟ ದಾಟಿ, ಪಾಚಿಗಟ್ಟಿದ ಕಾಲುಸಂಕದ ಮೇಲೆ ನಡೆಯುವಾಗ ಒಮ್ಮೆ ಕಾಲು ಜಾರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಕೈ ತಾನಾಗಿ ಪಕ್ಕದ ಬಿದಿರನ್ನು ಹಿಡಿಯುತ್ತದೆ. ಆಚೆ ದಡ ಸೇರಿ ರಸ್ತೆಗೆ ಬರುವಷ್ಟರಲ್ಲಿ ಉಸಿರು ಸರಿಹೋಗಿರುತ್ತದೆ. ಬಸ್ಸು ಹತ್ತಿ ಕುಳಿತ ಮೇಲೆ, ಕಿರುಪರೀಕ್ಷೆಯ ಅಂಕಗಳನ್ನು ಇಂದು ಎಲ್ಲರೆದುರು ಓದಿ ಹೇಳುತ್ತಾರೆಂಬುದು ನೆನಪಾಗುತ್ತದೆ. ಮತ್ತೆ ಅದೇ ಎದೆಬಡಿತ. ಈ ಸಲ ದಾಟಿ ಮುಗಿಸಲು ಸಂಕವಿಲ್ಲ.

ಎರಡೂ ಸಂದರ್ಭಗಳಲ್ಲಿ ದೇಹ ಬಳಸುವ ವ್ಯವಸ್ಥೆ ಒಂದೇ. ಅಪಾಯದ ಸುಳಿವು ಸಿಕ್ಕ ಕ್ಷಣದಲ್ಲಿ ನರಗಳ ಸೂಚನೆಯಿಂದ, ಎದೆಬಡಿತವನ್ನು ಏರಿಸುವ ಅಡ್ರಿನಲಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಅದರ ಬೆನ್ನಿಗೆ ಮೆದುಳಿನ ಹೈಪೊಥಲಮಸ್ ಪಿಟ್ಯುಟರಿ ಗ್ರಂಥಿಗೂ, ಪಿಟ್ಯುಟರಿಯು ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೂ ಸಂದೇಶ ಕಳುಹಿಸಿ, ಕೆಲವು ನಿಮಿಷಗಳಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಕಾರ್ಟಿಸಾಲ್ ರಕ್ತದಲ್ಲಿ ಸಕ್ಕರೆಯ ಅಂಶವನ್ನು ಏರಿಸಿ ದೇಹವನ್ನು ಸಜ್ಜುಗೊಳಿಸುತ್ತದೆ. ಅನಂತರ ಮೆದುಳಿಗೇ ಮರಳಿ ‘ಇನ್ನು ಸಾಕು’ ಎಂಬ ಸೂಚನೆಯನ್ನೂ ಕೊಡುತ್ತದೆ. ವ್ಯವಸ್ಥೆಯ ಜಾಣ್ಮೆಯಿರುವುದು ಈ ‘ಸಾಕು’ ಎನ್ನುವುದರಲ್ಲಿ. ಒತ್ತಡ ಮುಗಿಯದೆ ಉಳಿದರೆ ದೇಹ ಸೋಲುತ್ತದೆ. ಒತ್ತಡದ ಕುರಿತ ಸಂಶೋಧನೆಗೆ ನಾಂದಿ ಹಾಡಿದ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಪ್ರಕಟಿಸಿದ ಪುಟ್ಟ ಟಿಪ್ಪಣಿಯಲ್ಲಿ, ಕಾರಣ ಚಳಿಯಿರಲಿ, ಗಾಯವಿರಲಿ, ವಿಷವಿರಲಿ, ತೀವ್ರವಾಗಿ ಬಳಲಿದ ಇಲಿಗಳಲ್ಲಿ ಅಡ್ರಿನಲ್ ಗ್ರಂಥಿ ಊದಿಕೊಂಡು ಹೊಟ್ಟೆಯಲ್ಲಿ ಹುಣ್ಣಾಗುವುದನ್ನು ದಾಖಲಿಸಿದ್ದರು.

ಯಾವ ಬಗೆಯ ಒತ್ತಡ ಕಾರ್ಟಿಸಾಲನ್ನು ಹೆಚ್ಚು ಏರಿಸುತ್ತದೆ? ಮನೋವಿಜ್ಞಾನಿಗಳಾದ ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ 2004ರಲ್ಲಿ 208 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಫಲಿತಾಂಶ ತನ್ನ ಹಿಡಿತದಲ್ಲಿಲ್ಲದ ಮತ್ತು ಇತರರು ತನ್ನನ್ನು ಅಳೆಯುತ್ತಿರುವ ಸನ್ನಿವೇಶಗಳಲ್ಲಿ ಏರಿಕೆ ಅತಿ ಹೆಚ್ಚೆಂದು ಕಂಡುಬಂತು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮುಗಿಸಿದ ಮಗು ಒಂದು ಗೃಹಪ್ರವೇಶಕ್ಕೆ ಹೋಗಿ ಬರಲಿ. ಊಟದ ಪಂಕ್ತಿಯಲ್ಲಿ ಕೂರುವ ಮೊದಲೇ ‘625ಕ್ಕೆ ಎಷ್ಟು ಬಂತು?’ ಎಂದು ನಾಲ್ಕು ಜನ ಕೇಳಿರುತ್ತಾರೆ. ಕೇಳುವವರಿಗೆ ಅದು ಕುಶಲಪ್ರಶ್ನೆ. ಇದರ ಜೊತೆಗೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದ ವರ್ಷ, ಜಗಲಿಯಲ್ಲಿ ಅಪ್ಪ ಸಾಲದ ಲೆಕ್ಕ ಹಾಕುವುದು ಒಳಕೋಣೆಯಲ್ಲಿ ಓದುತ್ತಿರುವವರ ಕಿವಿಗೂ ಬೀಳುತ್ತದೆ. ಆ ಚಿಂತೆಯ ಮೇಲೂ ಮಕ್ಕಳಿಗೆ ಯಾವ ಹಿಡಿತವೂ ಇಲ್ಲ.

ಹದಿಹರೆಯದಲ್ಲಿ ಇದೆಲ್ಲ ಹೆಚ್ಚು ನಾಟುವುದಕ್ಕೆ ದೇಹದಲ್ಲೇ ಕಾರಣಗಳಿವೆ. ಪ್ರೌಢತ್ವ ಮುಂದುವರಿದಂತೆ ಒತ್ತಡಕ್ಕೆ ಕಾರ್ಟಿಸಾಲ್ ಪ್ರತಿಕ್ರಿಯೆ ಜೋರಾಗುತ್ತದೆ. ಭಾವನೆಗಳಿಗೆ ಲಗಾಮು ಹಾಕುವ ಮುಂಭಾಗದ ಮೆದುಳು ಇಪ್ಪತ್ತರ ನಡುವಿನವರೆಗೂ ಬಲಿಯುತ್ತಲೇ ಇರುತ್ತದೆ. ಮನೋವಿಜ್ಞಾನಿ ಕ್ಯಾಮೆಲಿಯಾ ಹೊಸ್ಟಿನಾರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನ್ನನ್ನು ಬಹಳ ಯೋಚಿಸುವಂತೆ ಮಾಡಿತು: ಭಾಷಣಕ್ಕೆ ಸಿದ್ಧವಾಗುವಾಗ ತಂದೆಯೋ ತಾಯಿಯೋ ಜೊತೆಗಿದ್ದರೆ ಒಂಬತ್ತು-ಹತ್ತು ವರ್ಷದ ಮಕ್ಕಳಲ್ಲಿ ಕಾರ್ಟಿಸಾಲ್ ಏರಿಕೆ ತಗ್ಗಿತು, ಹದಿನೈದು-ಹದಿನಾರರ ಮಕ್ಕಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ‘ಮೊದಲೆಲ್ಲ ಪಕ್ಕದಲ್ಲಿ ಕೂತರೆ ಸಾಕಿತ್ತು, ಈಗ ಬಾಗಿಲು ಹಾಕಿಕೊಳ್ಳುತ್ತಾನೆ’ ಎಂದು ತಾಯಂದಿರು ಹೇಳುವುದನ್ನು ಬರೀ ಮೊಂಡುತನದ ದೂರಾಗಿ ಕೇಳಬೇಕಾಗಿಲ್ಲ.

ನಿದ್ದೆಯ ವಿಷಯದಲ್ಲಂತೂ ನಾವು ಮಕ್ಕಳಿಗೆ ಅನ್ಯಾಯವನ್ನೇ ಮಾಡುತ್ತಿದ್ದೇವೆ. ನಿದ್ದೆ ಬರಿಸುವ ಮೆಲಟೊನಿನ್ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಏರುತ್ತದೆ. ಬೇಗ ಮಲಗಿದರೂ ಕಣ್ಣು ಹತ್ತುವುದಿಲ್ಲ. ಫೋನು ಅದನ್ನು ಇನ್ನಷ್ಟು ತಡಮಾಡುತ್ತದೆ. ಹದಿಮೂರರಿಂದ ಹದಿನೆಂಟರವರೆಗಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ತಜ್ಞರ ಸಲಹೆ. ಹನ್ನೊಂದೂವರೆಗೆ ಮಲಗಿ ಮೊದಲ ಬಸ್ಸಿಗಾಗಿ ಐದಕ್ಕೆ ಏಳುವವರಿಗೆ ಸಿಗುವುದು ಐದೂವರೆ ಗಂಟೆ. ‘ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ’ ಎಂದು ನನ್ನನ್ನೂ ಎಬ್ಬಿಸುತ್ತಿದ್ದರು, ಹತ್ತುತ್ತಿದ್ದುದು ತೂಕಡಿಕೆ. ನಿದ್ದೆಗೆಟ್ಟ ಮರುದಿನದ ಸಂಜೆ ಇಳಿಯಬೇಕಾದ ಕಾರ್ಟಿಸಾಲ್ ಇಳಿಯದೆ ಉಳಿಯುತ್ತದೆ, ಅದು ಮತ್ತೆ ನಿದ್ದೆಯನ್ನು ಕೆಡಿಸುತ್ತದೆ.

ಹೀಗೆ ‘ಸಾಕು’ ಎಂಬ ಸೂಚನೆ ದಿನಗಟ್ಟಲೆ ನಾಟದೆ ಹೋದಾಗ ತಲೆನೋವು, ಹೊಟ್ಟೆನೋವು, ಸಿಡುಕು, ಮುಟ್ಟಿನ ಏರುಪೇರುಗಳು ಶುರುವಾಗುತ್ತವೆ. ಓದಿದ್ದೆಲ್ಲ ಪರೀಕ್ಷೆಯ ಕೋಣೆಯಲ್ಲಿ ಮರೆತುಹೋಯಿತು ಎನ್ನುವುದೂ ನೆಪವಲ್ಲ. ಕಾರ್ಟಿಸಾಲ್ ಮಟ್ಟ ಏರಿದ ಹೊತ್ತಿನಲ್ಲಿ, ಮೊದಲೇ ಕಲಿತದ್ದನ್ನು ನೆನಪಿನಿಂದ ಹೊರತೆಗೆಯುವುದು ಕಷ್ಟವಾಗುತ್ತದೆಂಬುದು ಇಲಿಗಳಲ್ಲೂ ಮನುಷ್ಯರಲ್ಲೂ ಪ್ರಯೋಗಗಳಿಂದ ಖಚಿತವಾಗಿದೆ. ಸ್ವಲ್ಪ ಹೊತ್ತಿನ ಬಳಿಕ, ವಾಪಸು ಬರುವ ಬಸ್ಸಿನಲ್ಲಿ, ಉತ್ತರ ತಾನಾಗಿ ಹೊಳೆಯುತ್ತದೆ.

ವಾರಗಟ್ಟಲೆ ಊಟ-ನಿದ್ದೆ ಬಿಟ್ಟವರಿಗೆ, ಬದುಕೇ ಬೇಡವೆನ್ನುವವರಿಗೆ ಮನೆಯವರ ಸಮಾಧಾನವಷ್ಟೇ ಸಾಲದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆದರೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗಬೇಕಾದರೆ ಇವತ್ತಿಗೂ ಹಿಂದಿನ ಗುಡ್ಡ ಹತ್ತಬೇಕು. ಅಂಥ ಮನೆಯ ಮಗುವಿಗೆ ಈ ಸಂಖ್ಯೆಯನ್ನು ತಿಳಿಸಬೇಕಾದವರೂ, ಬಿಡುವಿನ ವೇಳೆಯಲ್ಲಿ ಶಾಲೆಯ ಫೋನನ್ನು ಕೊಟ್ಟು ಸ್ವಲ್ಪ ದೂರ ಸರಿದು ನಿಲ್ಲಬೇಕಾದವರೂ ಮೇಷ್ಟ್ರುಗಳೇ.