ಮರುಭೂಮಿಯ ಗಾಲ್ಫ್ ಕೋರ್ಸ್ ಅಂದರೆ ಪೂರ್ತಿ ಬಂಕರ್ರಾ?

ಪ್ರಶ್ನೆ: ಅಮೆರಿಕದ ಅರಿಜೋನಾದಂಥ ಮರುಭೂಮಿಯ ಕಡೆ ಹುಲ್ಲು ದಾಟಿ ಹೊರಗೆ ಬಿದ್ದ ಚೆಂಡು ಬಂಕರ್‌ನಲ್ಲಿ (ಮರಳಿನ ಗುಂಡಿಯಲ್ಲಿ) ಬಿದ್ದ ಹಾಗೇ ತಾನೆ?

ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಈ ಬಾರಿ ಒಂದೇ ಕೋರ್ಸ್ ಹಿಡಿದು ಬಿಡಿಸಿ ಹೇಳುತ್ತೇನೆ.

ಅರಿಜೋನಾದ ಕೇರ್‌ಫ್ರೀ ಊರಿನಲ್ಲಿ ಡೆಸರ್ಟ್ ಫಾರೆಸ್ಟ್ ಎಂಬ ಖಾಸಗಿ ಕ್ಲಬ್ ಇದೆ. 1962ರದ್ದು. ವಿನ್ಯಾಸ ರಾಬರ್ಟ್ ‘ರೆಡ್’ ಲಾರೆನ್ಸ್ ಅವರದು. ಮರುಭೂಮಿ ಅಂದ ಕೂಡಲೇ ನೆಲ ಸಪಾಟು ಮಾಡಿ ಎಲ್ಲ ಕಡೆ ನೀರು ಹಾಯಿಸುವ ದಾರಿಯನ್ನು ಅವರು ಹಿಡಿಯಲಿಲ್ಲ. ಇದ್ದ ಏರಿಳಿತದ ಮೇಲೆಯೇ ಫೇರ್‌ವೇ (ಕತ್ತರಿಸಿದ ಹುಲ್ಲಿನ ದಾರಿ) ಹಾಸಿ, ಎರಡೂ ಬದಿಯ ಕುರುಚಲು ಕಾಡನ್ನು ಇದ್ದ ಹಾಗೇ ಬಿಟ್ಟರು. ಆ ವಿನ್ಯಾಸದಲ್ಲಿ ಕೆರೆ ಇಲ್ಲ. ಫೇರ್‌ವೇಯಲ್ಲಿ ಒಂದೇ ಒಂದು ಬಂಕರ್ ಇಲ್ಲ. ಇರುವುದೆಲ್ಲ ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಪಕ್ಕದಲ್ಲಿ. ಮರುಭೂಮಿಯೇ ಬಂಕರ್ ಆಗಿದ್ದರೆ ಈ ಮಾತು ಹೇಳಲು ಸಾಧ್ಯವೇ?

ಮೊದಲು ನೆಲ ನೋಡಿ. ಇಲ್ಲಿಯ ಸೊನೋರನ್ ಮರುಭೂಮಿ ಸಿನಿಮಾದಲ್ಲಿ ಕಾಣುವ ಮರಳ ದಿಣ್ಣೆ ಅಲ್ಲ. ಚಿತ್ರದುರ್ಗದ ಕಡೆಯ ಗುಡ್ಡಗಳಂತೆ ಗರಸು, ಬಂಡೆ, ಮುಳ್ಳುಪೊದೆ. ಚಳಿಗಾಲದಲ್ಲಿ ಒಂದಿಷ್ಟು, ಬೇಸಿಗೆಯಲ್ಲಿ ಒಂದಿಷ್ಟು ಮಳೆಯೂ ಬರುತ್ತದೆ. ಪಾಲೋ ವರ್ಡೆ ಮರ, ಚೋಯಾ ಕಳ್ಳಿ, ಆಳೆತ್ತರ ಮೀರಿ ನಿಲ್ಲುವ ಸಗ್ವಾರೋ ಕಳ್ಳಿ ಎಲ್ಲ ಅಲ್ಲಿವೆ.

ಇನ್ನು ನಿಯಮ. ಬಂಕರ್ ಎಂದರೆ ಆಟಕ್ಕೆಂದೇ ಸಿದ್ಧಪಡಿಸಿದ ಮರಳಿನ ಜಾಗ. ಸಹಜ ನೆಲ ಹಾಗಲ್ಲ. ಕ್ಲಬ್‌ನವರು ಬೇರೆ ಗುರುತು ಹಾಕದಿದ್ದರೆ ಅದು ಕೋರ್ಸ್‌ನ ಸಾಮಾನ್ಯ ಭಾಗವೇ. 2019ರಿಂದ ಅದನ್ನು ಪೆನಾಲ್ಟಿ ಏರಿಯಾ (ದಂಡ ತೆತ್ತು ಚೆಂಡನ್ನು ಹೊರತರಬಹುದಾದ ಜಾಗ) ಎಂದು ಗುರುತಿಸುವ ಅವಕಾಶವೂ ಕ್ಲಬ್‌ಗಳಿಗಿದೆ. ಆಗಲೂ ಅದು ಬಂಕರ್ ಆಗುವುದಿಲ್ಲ. ಇದು ಬರೀ ಮಾತಿನ ವ್ಯತ್ಯಾಸವಲ್ಲ. ಬಂಕರ್‌ನಲ್ಲಿ ಪ್ರಾಕ್ಟೀಸ್ ಸ್ವಿಂಗ್ ಮಾಡುವಾಗ ಕ್ಲಬ್ (ಚೆಂಡು ಹೊಡೆಯುವ ಕೋಲು) ಮರಳಿಗೆ ತಾಗಿದರೆ ಪೆನಾಲ್ಟಿ. ಗರಸಿನ ಮೇಲೆ ತಾಗಿದರೆ ಏನೂ ಇಲ್ಲ. ಚೆಂಡು ಆಡಲಾಗದ ಜಾಗದಲ್ಲಿ ಸಿಕ್ಕಿಕೊಂಡರೆ, ಬಂಕರ್‌ನಿಂದ ಹಿಂದಕ್ಕೆ ಹೊರತಂದು ಡ್ರಾಪ್ ಮಾಡಲು (ಕೈಯಿಂದ ಬೀಳಿಸಲು) ಎರಡು ಸ್ಟ್ರೋಕ್ (ಹೊಡೆತ) ದಂಡ ತೆರಬೇಕು. ಕೋರ್ಸ್‌ನ ಸಾಮಾನ್ಯ ಭಾಗವಾದ ಸಹಜ ನೆಲದಲ್ಲಾದರೆ ಒಂದೇ ಸ್ಟ್ರೋಕ್ ತೆತ್ತು ಎರಡು ಕ್ಲಬ್ ಉದ್ದದೊಳಗೆ ಡ್ರಾಪ್ ಮಾಡಬಹುದು. ಅಂಚಿಗೆ ಹತ್ತಿರವಿದ್ದರೆ ಹುಲ್ಲಿಗೇ ಬಂದುಬಿಡುತ್ತೀರಿ. ಗೊತ್ತಿಲ್ಲದೆ ಸುಮ್ಮನೆ ಸ್ಟ್ರೋಕ್ ಕಳೆದುಕೊಳ್ಳಬೇಡಿ.

ಮರುಭೂಮಿಯನ್ನು ಇದ್ದ ಹಾಗೇ ಬಿಡುವ ಈ ಶೈಲಿ ಹೆಸರಾಂತ ಗಾಲ್ಫರ್ ಜಾಕ್ ನಿಕ್ಲಾಸ್ ಅವರಿಂದ ಶುರುವಾಯಿತು ಎನ್ನುವವರೂ ಇದ್ದಾರೆ. ಸ್ಕಾಟ್ಸ್‌ಡೇಲ್‌ನಲ್ಲಿ ಅವರು ರೂಪಿಸಿದ ಡೆಸರ್ಟ್ ಹೈಲ್ಯಾಂಡ್ಸ್‌ನಲ್ಲಿ 1983ರಲ್ಲಿ ಮೊದಲ ಸ್ಕಿನ್ಸ್ ಗೇಮ್ (ಪ್ರತಿ ಕುಳಿಗೂ ಹಣವಿಟ್ಟು ಆಡುವ ಪಂದ್ಯ) ನಡೆದು, ಟಿವಿಯಲ್ಲಿ ಎಲ್ಲರೂ ನೋಡಿದ್ದು ನಿಜ. ಆದರೆ ಲಾರೆನ್ಸ್ ಆ ದಾರಿ ತೋರಿಸಿ ಆಗಲೇ 20 ವರ್ಷ ಆಗಿತ್ತು. ಅವರಿಗೆ ಸಲ್ಲಬೇಕಾದ ಹೆಸರು ಸಲ್ಲಲಿ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಚೆಂಡು ಕಳ್ಳಿಯ ಪಕ್ಕ ನಿಂತರೆ ಮುಳ್ಳು ಚುಚ್ಚದಂತೆ ಏನು ಮಾಡಬಹುದು? ಟವೆಲನ್ನು ಕಾಲಿಗೋ ತೋಳಿಗೋ ಸುತ್ತಿಕೊಂಡು ಹೊಡೆಯಬಹುದು, ಅಡ್ಡಿಯಿಲ್ಲ. ಅದೇ ಟವೆಲನ್ನು ಕಳ್ಳಿಯ ಮೇಲೆ ಹೊದಿಸಿದರೆ ಆಟದ ಸ್ಥಿತಿಯನ್ನು ನಿಮಗೆ ಅನುಕೂಲ ಮಾಡಿಕೊಂಡಂತೆ, ಪೆನಾಲ್ಟಿ ಬೀಳುತ್ತದೆ. ಕೊಂಬೆ ಮುರಿದರೂ ಅಷ್ಟೇ. ಸಗ್ವಾರೋಗಂತೂ ರಾಜ್ಯದ ಕಾನೂನಿನ ರಕ್ಷಣೆಯೇ ಇದೆ, ಅದರ ತಂಟೆಗೆ ಹೋಗಲೇಬೇಡಿ.